ತಾಂಬೂಲದ ಜೊತೆ ಒಂದು ಹಸಿರು ಡಬ್ಬಿ

ದಿನಾ ಬೆಳಿಗ್ಗೆ ಆರೂವರೆಗೆ ಅತ್ತೆ ನಾಗರತ್ನಮ್ಮ ಸ್ಟೀಲ್ ಲೋಟದಲ್ಲಿ ಗ್ರೀನ್ ಟೀ ತಂದು ಶಾಲಿನಿಯ ಮುಂದೆ ಇಡುತ್ತಿದ್ದರು. ಇಟ್ಟು ಹೋಗುತ್ತಿರಲಿಲ್ಲ. ಲೋಟ ಖಾಲಿಯಾಗುವ ತನಕ ಸೆರಗಿನ ತುದಿ ಹಿಡಿದುಕೊಂಡು ಅಲ್ಲೇ ನಿಂತಿರುತ್ತಿದ್ದರು. ಅಡುಗೆಮನೆಯಿಂದ ಡಿಕಾಕ್ಷನ್ ಇಳಿಯುವ ಘಮ ಬರುತ್ತಿತ್ತು. ಮನೆಯವರಿಗೆಲ್ಲ ಕಾಫಿ. ಅವಳೊಬ್ಬಳಿಗೆ ಹಾಲಿಲ್ಲದ, ಸಕ್ಕರೆಯಿಲ್ಲದ ಈ ಕಹಿ ನೀರು.

ಇದನ್ನು ಮೈಲಾಪೂರಿನ ಆ ಮನೆಗೆ ತಂದವಳು ನಾದಿನಿ ವಿನೋದಾ. ಅವಳ ಗಂಡನಿಗೆ ಪೆರಂಬೂರಿನ ರೈಲ್ವೆ ಕಾರ್ಖಾನೆಯಲ್ಲಿ ಕೆಲಸ, ಅಲ್ಲೇ ಕ್ವಾರ್ಟರ್ಸು. ಎರಡು ಹೆತ್ತಿದ್ದರೂ ಕಡ್ಡಿಯ ಹಾಗಿದ್ದಳು. ಎರಡು ಸಾವಿರದ ಮೂರರ ಯುಗಾದಿಗೆ ಬಂದಾಗ ಹಸಿರು ಡಬ್ಬಿಯೊಂದನ್ನು ತಂದು, ತಾನೇ ಒಂದು ಲೋಟ ಮಾಡಿಕೊಂಡು, ಎಲ್ಲರೆದುರು ಗಟಗಟನೆ ಕುಡಿದು ತೋರಿಸಿದ್ದಳು.

"ನೋಡಿ ಅತ್ತಿಗೆ, ಹೀಗೆ. ರುಚಿಗಿಚಿ ನೋಡಕ್ಕೆ ಹೋಗ್ಬಾರ್ದು, ಸುಮ್ನೆ ಇಳಿಸ್ಬಿಡ್ಬೇಕು. ಆಗ ನನ್ನ ಥರಾ ಆಗ್ತೀರ. ಇಲ್ದಿದ್ರೆ ಪಾಪ ನಮ್ಮಣ್ಣ, ಬಾಗಿಲು ಒಡಿಸಿ ಅಗಲ ಮಾಡಿಸ್ಬೇಕಾಗತ್ತೆ!"

ಎಲ್ಲರೂ ನಕ್ಕರು. ಗಂಡ ಮಧುಸೂದನನೂ ನಕ್ಕ.

ನಗುವನ್ನು ಶಾಲಿನಿ ನುಂಗಿಕೊಂಡಳು. ಅಭ್ಯಾಸವಿತ್ತು. ನುಂಗಲಾಗದ ಮಾತು ಆಗಸ್ಟಿನಲ್ಲಿ ಕಿವಿಗೆ ಬಿತ್ತು. ಮಹಡಿಯಲ್ಲಿ ಬಟ್ಟೆ ತೆಗೆಯುತ್ತಿದ್ದಾಗ, ನೀರಿನ ಟ್ಯಾಂಕಿನ ಆಚೆ ಕೂತು ವಿನೋದಾ ಅಮ್ಮನಿಗೆ ಹೇಳುತ್ತಿದ್ದಳು:

"ಮದುವೆಯಾಗಿ ಆರು ವರ್ಷ ಆಯ್ತು, ಒಂದು ಮಗು ಇಲ್ಲ. ಹತ್ತು ಕಿಲೋ ಇಳೀಬೇಕು ಅಂತ ಡಾಕ್ಟರಮ್ಮ ಹೇಳಿದಾರಲ್ಲ. ದೀಪಾವಳಿ ತನಕ ನೋಡಣ. ಇಳಿದ್ರೆ ಸರಿ, ಇಲ್ದಿದ್ರೆ ನಂಜನಗೂಡಿಗೆ, ಅವ್ರ ತೌರಿಗೆ ಕಳಿಸ್ಬಿಡು. ನಮ್ಮ ಕ್ವಾರ್ಟರ್ಸಲ್ಲೇ ಒಬ್ಳು ಹುಡುಗಿ ಇದಾಳೆ. ಅಣ್ಣಂಗೆ ಹೇಳಿದೀನಿ."

"ಏನಂದ?"

"ಏನೂ ಅನ್ಲಿಲ್ಲ. ಬೇಡ ಅಂತೂ ಅನ್ಲಿಲ್ಲ."

ಶಾಲಿನಿ ಬಟ್ಟೆಗಳನ್ನು ಮಡಿಸಿಕೊಂಡು ಸದ್ದಿಲ್ಲದೆ ಕೆಳಗಿಳಿದಳು. ಇಳಿಯುವಾಗ ಮೆಟ್ಟಿಲುಗಳನ್ನು ಎಣಿಸಿದಳು. ಹದಿನೆಂಟು.

ಭಾನುವಾರಗಳಂದು ಮಧುಸೂದನ ಅವಳನ್ನು ರೈಲು ನಿಲ್ದಾಣದ ತೂಕದ ಯಂತ್ರದ ಮೇಲೆ ನಿಲ್ಲಿಸುತ್ತಿದ್ದ. ಬಣ್ಣದ ದೀಪಗಳು ಮಿಣುಗಿ, ಚೀಟಿಯೊಂದು ಕೆಳಗೆ ಬೀಳುತ್ತಿತ್ತು. ಒಂದು ಬದಿಗೆ ತೂಕ, ಇನ್ನೊಂದು ಬದಿಗೆ ಭವಿಷ್ಯ. ಅವನು ತೂಕದ ಬದಿಯನ್ನಷ್ಟೇ ಓದಿ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಆರು ತಿಂಗಳಿಗೆ ಇಳಿದದ್ದು ಮೂರು ಕಿಲೋ. ದೀಪಾವಳಿಗೆ ಮೂರು ವಾರ ಉಳಿದಿತ್ತು.

ಹುಡುಗಿಯನ್ನು ಹುಡುಕಿದವಳು ವಿನೋದಾ. ಅಮ್ಮನಿಗೂ ಅಣ್ಣನಿಗೂ ಸ್ವಂತ ಬುದ್ಧಿಯಿಂದ ಒಂದು ಕೆಲಸ ಮಾಡಿ ಗೊತ್ತಿಲ್ಲ. ವಿನೋದಾ ಇಲ್ಲದಿದ್ದರೆ ಈ ಮಾತು ತಾನಾಗಿ ಸತ್ತುಹೋಗುತ್ತದೆ. ಶಾಲಿನಿ ಇದನ್ನು ಲೆಕ್ಕದ ಹಾಗೆ ಹಾಕಿದಳು, ತಾಳೆ ನೋಡಿದಳು. ತಪ್ಪಿರಲಿಲ್ಲ.

ದಾರಿ ತೋರಿಸಿದ್ದು ನವರಾತ್ರಿ. ಒಂಬತ್ತು ದಿನವೂ ಹೆಂಗಸರು ಮನೆಯಿಂದ ಮನೆಗೆ ಗೊಂಬೆ ನೋಡಲು ಹೋಗುತ್ತಾರೆ. ಅರಿಶಿನ ಕುಂಕುಮ, ವೀಳ್ಯದೆಲೆ, ಜೊತೆಗೆ ಏನಾದರೊಂದು ಸಣ್ಣ ಉಡುಗೊರೆ. ಒಂದು ಮನೆಯಲ್ಲಿ ಬಂದದ್ದು ಇನ್ನೊಂದು ಮನೆಗೆ ದಾಟುತ್ತದೆ. ಹೋದ ವರ್ಷ ನಾಗರತ್ನಮ್ಮ ಮೊದಲ ದಿನ ಕೊಟ್ಟ ರವಿಕೆ ಕಣ ಏಳನೇ ದಿನ ಅದೇ ಅರಿಶಿನದ ಕಲೆಯೊಂದಿಗೆ ಅವರ ಕೈಗೇ ವಾಪಸು ಬಂದಿತ್ತು. "ಊರೆಲ್ಲಾ ಸುತ್ತಿ ಮನೆಗೆ ಬಂತು ನೋಡೇ!" ಎಂದು ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು. ಈ ವರ್ಷ ನುಂಗಂಬಾಕ್ಕಂನ ಅಂಗಡಿಯೊಂದು ಅದೇ ಹಸಿರು ಡಬ್ಬಿಯನ್ನು ಹಬ್ಬಕ್ಕೆಂದು ಅಗ್ಗಕ್ಕೆ ಮಾರುತ್ತಿತ್ತು. ಅರ್ಧಕ್ಕರ್ಧ ಮನೆಗಳ ತಾಂಬೂಲದಲ್ಲಿ ಅದೇ. ಶುಕ್ರವಾರ ವಿನೋದಾ ಮೈಲಾಪೂರಿನಲ್ಲೇ ಐದಾರು ಮನೆಗೆ ಹೋಗುವವಳು. ಯಾವ ಡಬ್ಬಿ ಯಾರ ಮನೆಯದೆಂದು ಯಾವ ಪೊಲೀಸಿನವನು ಹೇಳಿಯಾನು?

ಕಹಿಯೊಳಗೆ ಕಹಿ ಗೊತ್ತಾಗುವುದಿಲ್ಲ. ಕುಡಿಯುವವಳು ರುಚಿ ನೋಡುವವಳೂ ಅಲ್ಲ, ಅವಳೇ ಹೇಳಿದ್ದಾಳೆ. ಅವಳ ಮಕ್ಕಳು ಅದನ್ನು ಮೂಸಿಯೂ ನೋಡುವುದಿಲ್ಲ. ಈ ಕೊನೆಯ ಅಂಶ ಹೊಳೆದಾಗ ಶಾಲಿನಿಗೆ ತನ್ನ ಬಗ್ಗೆ ಒಂದಿಷ್ಟು ಗೌರವವೇ ಮೂಡಿತು. ಮಕ್ಕಳಿಗೆ ತೊಂದರೆಯಾಗುವಂತಿದ್ದರೆ ಅವಳು ಕೈ ಹಾಕುತ್ತಲೇ ಇರಲಿಲ್ಲ. ನಾಳೆ ಜನ ಏನೆನ್ನುತ್ತಾರೆ? ಸಣ್ಣಗಾಗುವ ಹುಚ್ಚಿನಲ್ಲಿ ಏನೇನೋ ಕುಡಿದಳು ಅನ್ನುತ್ತಾರೆ.

ಬುಧವಾರ ಅತ್ತೆ ದೇವಸ್ಥಾನಕ್ಕೆ ಹೋದಾಗ, ಶಾಲಿನಿ ಬೀರುವಿನಲ್ಲಿ ಅಡಗಿಸಿಟ್ಟಿದ್ದ ಹೊಸ ಡಬ್ಬಿಯ ಮುಚ್ಚಳವನ್ನು ಚಮಚದ ಹಿಡಿಯಿಂದ ಮೀಟಿದಳು. ಮೋರಿಯ ಹೆಗ್ಗಣಗಳಿಗೆಂದು ತಂದಿಟ್ಟಿದ್ದ ಪುಡಿಯನ್ನು ಎಲೆಗಳ ಜೊತೆ ನಿಧಾನವಾಗಿ ಬೆರೆಸಿ, ಮುಚ್ಚಳ ಒತ್ತಿ, ಡಬ್ಬಿ ಒರೆಸಿದಳು. ಚಮಚವನ್ನೂ ಪೊಟ್ಟಣವನ್ನೂ ಬೀದಿ ಕೊನೆಯ ಕಸದ ತೊಟ್ಟಿಗೆ ಹಾಕಿ ಬಂದಳು.

ಶುಕ್ರವಾರ ವಿನೋದಾ ಬಂದಳು, ಗೊಂಬೆಗಳ ಮುಂದೆ ಹಾಡಿದಳು, ಎರಡು ಸಲ ಕಡಲೆಕಾಳಿನ ಸುಂಡಲ್ ಹಾಕಿಸಿಕೊಂಡಳು.

"ಅತ್ತಿಗೆ ಇಳಿದಿದಾರೆ ಕಣಮ್ಮಾ," ಎಂದಳು. "ಮೂಗೊಂದು ಮಾತ್ರ."

ಶಾಲಿನಿಯೂ ನಕ್ಕಳು. ನಾದಿನಿಯ ಹಣೆಗೆ ಕುಂಕುಮ ಇಟ್ಟು, ತಾಂಬೂಲದ ಚೀಲವನ್ನು ಕೈಗೆ ಕೊಟ್ಟಳು. ಅಲ್ಲಿದ್ದ ಹನ್ನೊಂದು ಹೆಂಗಸರ ಕೈಯಲ್ಲೂ ಅಂಥದೇ ಹಳದಿ ಚೀಲ.

ಶನಿವಾರ ಫೋನು ಎರಡು ಸಲ ರಿಂಗಾಯಿತು. ಎರಡೂ ಬೇರೆ ಯಾರದೋ. ಶಾಲಿನಿ ಅವಸರಪಡಲಿಲ್ಲ. ವಿನೋದಾಳ ಮನೆಯಲ್ಲಿ ಹಳೆಯ ಡಬ್ಬಿ ಮುಗಿಯಬೇಕಲ್ಲ. ಭಾನುವಾರ ವಿಜಯದಶಮಿ. ಮಧುಸೂದನ ತಂಗಿಯ ಮನೆಗೆ ಹೋಗಿ ಬಂದಾಗ ಅವಳು ಸ್ಟೂಲಿನ ಮೇಲೆ ನಿಂತು ಗೊಂಬೆಗಳನ್ನು ಹಳೆಯ ಪಂಚೆಯ ತುಂಡುಗಳಲ್ಲಿ ಸುತ್ತುತ್ತಿದ್ದಳು.

"ವಿನೋದಾ ಹೇಗಿದಾರ್ರೀ?"

"ಅವಳಿಗೇನು, ಕಲ್ಲುಗುಂಡು," ಎಂದು ಅವನು ಒಳಗೆ ಹೋದ.

ಇರಲಿ, ಎಂದುಕೊಂಡಳು. ಇನ್ನೊಂದು ನಾಲ್ಕು ದಿನ. ಪಟ್ಟದ ಗೊಂಬೆಗಳ ಮುಖವನ್ನು ಬಟ್ಟೆಯಲ್ಲಿ ಮುಚ್ಚಿ ಪೆಟ್ಟಿಗೆಯಲ್ಲಿ ಮಲಗಿಸಿದಳು.

ಸೋಮವಾರ ಬೆಳಿಗ್ಗೆ ಆರೂವರೆಗೆ ಲೋಟ ಬಂತು. ಆರು ತಿಂಗಳಲ್ಲಿ ಮೊದಲ ಸಲ ಅವಳಿಗೆ ಅದರ ಮೇಲೆ ಸಿಟ್ಟು ಬರಲಿಲ್ಲ. ಇನ್ನೆಷ್ಟು ದಿನ ಇದು? ನಾದಿನಿ ಕಲಿಸಿದ ಹಾಗೆ, ರುಚಿ ನೋಡದೆ, ಗಟಗಟನೆ ಇಳಿಸಿ, ಅತ್ತೆಯ ಕಡೆ ನೋಡಿ ಮುಗುಳ್ನಕ್ಕಳು.

"ಇವತ್ತೇನು ಮುಖ ಸಿಂಡರಿಸ್ಲಿಲ್ಲ? ಒಳ್ಳೇದಾಯ್ತು," ಎಂದು ನಾಗರತ್ನಮ್ಮ ಖಾಲಿ ಲೋಟ ಎತ್ತಿಕೊಂಡರು. "ಡಬ್ಬಿ ನಿನ್ನೆಗೇ ಮುಗೀತು ಕಣೇ. ಮಧುಗೆ ತರಕ್ಕೆ ಹೇಳೋಣ ಅಂತಿದ್ದೆ, ಅಷ್ಟ್ರಲ್ಲಿ ವಿನೋದಾನೇ ಅವನ ಕೈಲಿ ಒಂದು ಕಳಿಸಿದಾಳೆ. ಶುಕ್ರವಾರ ಯಾರ ಮನೇಲೋ ತಾಂಬೂಲಕ್ಕೆ ಬಂತಂತೆ. 'ನಂಗ್ಯಾಕೆ ಈ ದರಿದ್ರ, ನೋಡಿದ ತಕ್ಷಣ ಅತ್ತಿಗೇನೇ ಜ್ಞಾಪಕಕ್ಕೆ ಬಂದ್ರು' ಅಂದ್ಲಂತೆ."

ಶಾಲಿನಿಯ ನಾಲಿಗೆಯ ಬುಡದಲ್ಲಿ ಕಹಿ ಇನ್ನೂ ಇತ್ತು, ಎಂದಿಗಿಂತ ತುಸು ಹೆಚ್ಚಾಗಿಯೇ. ಅವಳಿಗೆ ಯುಗಾದಿಯ ಬೆಳಗು ನೆನಪಾಯಿತು. ಎಲ್ಲರೂ ಇನ್ನೂ ನಗುತ್ತಿರುವಾಗಲೇ ವಿನೋದಾ ಅಡುಗೆಮನೆಗೆ ಓಡಿ ಬಂದು, ಸಿಂಕಿನಲ್ಲಿ ಥೂ ಥೂ ಎಂದು ಬಾಯಿ ಮುಕ್ಕಳಿಸಿ, "ಬೇಗ ಒಂದು ಸ್ಟ್ರಾಂಗ್ ಕಾಫಿ ಕೊಡಿ ಅತ್ತಿಗೆ, ಸತ್ತೇ ಹೋದೆ" ಅಂದಿದ್ದಳು. ಎರಡು ಚಮಚ ಸಕ್ಕರೆ ಹಾಕಿ ಬೆರೆಸಿಕೊಟ್ಟವಳು ಶಾಲಿನಿಯೇ.