ಭವ್ಯಾಳ ನಿಧಾನದ ಹೊಟ್ಟೆ

“ಅರ್ಧ ಹೋಳಿಗೆ ತಿಂದು ಎದ್ರೆ ಹೆಂಗೆ? ಇನ್ನೊಂದು ಹಾಕಿಸ್ಕೋ!”

ಅಜ್ಜಿ ನೀಲಕ್ಕ ಭವ್ಯಾಳ ತಟ್ಟೆಗೆ ಮತ್ತೊಂದು ಹೋಳಿಗೆ ಹಾಕಿ ತುಪ್ಪ ಸುರಿದೇಬಿಟ್ಟಳು.

“ಇವಳದ್ದು ಯಾವಾಗ್ಲೂ ಇದೇ ನಖರಾ,” ಎಂದು ಮಾವನ ಮಗ ಶಿವು ನಕ್ಕ.

ಭವ್ಯಾ ರಜೆಗೆಂದು ದಾವಣಗೆರೆಯಿಂದ ಹರಿಹರಕ್ಕೆ ಬಂದಿದ್ದಳು. ನಾವು ಹೇಳದಿದ್ದರೂ ಹೊಟ್ಟೆಯನ್ನು, ಎದೆಬಡಿತವನ್ನು ನಡೆಸುವ ನರಗಳಿರುತ್ತವಲ್ಲ, ಅವು ಅವಳಲ್ಲಿ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಉಂಡದ್ದು ಹೊಟ್ಟೆಯಲ್ಲೇ ಉಳಿಯುತ್ತಿತ್ತು. ಥಟ್ಟನೆ ಎದ್ದರೆ ತಲೆ ತಿರುಗುತ್ತಿತ್ತು. ಸ್ವಲ್ಪ ಸ್ವಲ್ಪವೇ ಆಗಾಗ ತಿನ್ನಬೇಕು ಎಂದು ಡಾಕ್ಟರು ಹೇಳಿದ್ದರು. ಅಮ್ಮ ಅದನ್ನೆಲ್ಲ ಫೋನಿನಲ್ಲಿ ತಿಳಿಸಿದ್ದಳು. “ನಾನು ಉಣ್ಣಿಸಿದ್ರೆ ಎಲ್ಲಾ ಸರಿಹೋಗ್ತೈತೆ ಬಿಡು,” ಎಂದಿದ್ದಳು ಅಜ್ಜಿ.

ಬೆಳಿಗ್ಗೆಯಿಂದ ಒಲೆಯ ಮುಂದೆ ಬೆವರಿದ್ದ ಅಜ್ಜಿಗೆ ಬೇಡ ಎನ್ನಲು ಭವ್ಯಾಗೆ ಬಾಯಿ ಬರಲಿಲ್ಲ. ಕಷ್ಟಪಟ್ಟು ನುಂಗಿದಳು.

ಆಮೇಲೆ ಬಚ್ಚಲಿಗೆ ಓಡಿದವಳು ಎಲ್ಲ ಕಕ್ಕಿಬಿಟ್ಟಳು. ಕಣ್ಣು ಕತ್ತಲೆ ಬಂದು ಗೋಡೆ ಹಿಡಿದು ಕುಸಿದಳು. ಕೈ ತೊಳೆಯಲು ಬಂದ ಶಿವುವಿನ ನಗು ನಿಂತೇಹೋಯಿತು.

“ಅಜ್ಜೀ—”

“ಕೂಗಬ್ಯಾಡ. ಅಜ್ಜಿ ಬೇಜಾರು ಮಾಡ್ಕೊಳ್ತಾಳೆ.”

“ಮತ್ತೇನು ಮಾಡ್ಲಿ?”

“ನನ್ನ ಮಲಗಿಸು. ಕಾಲಡಿ ದಿಂಬಿಡು.”

ಶಿವು ಅವಳನ್ನು ಪಕ್ಕದ ಕೋಣೆಗೆ ನಿಧಾನವಾಗಿ ಕರೆದೊಯ್ದು ಮಲಗಿಸಿದ. ಒಂದು ಸಾಲದೆಂದು ಎರಡು ದಿಂಬು ತಂದ. ಟವಲ್ ಒದ್ದೆ ಮಾಡಿ ಅವಳ ಮುಖ ಒರೆಸಿದ. ಆದರೂ ಹೆದರಿಕೆ ಹೋಗದೆ ಅಜ್ಜಿಯನ್ನು ಕರೆತಂದ.

“ಏನಾತೇ ನನ್ನವ್ವಾ?”

ಭವ್ಯಾ ಅತ್ತೇಬಿಟ್ಟಳು. “ನಿನ್ನ ಹೋಳಿಗೆ ನಂಗಿಷ್ಟ ಅಜ್ಜಿ. ಹೊಟ್ಟೆಗೇ ಆಗಲ್ಲ. ಹೇಳಿದ್ರೆ ನಿಂಗೆ ಬೇಜಾರಾಗ್ತೈತೆ ಅಂತ...”

ಅಜ್ಜಿ ಅವಳ ತಲೆ ನೇವರಿಸಿದಳು. “ನಿಮ್ಮಮ್ಮ ಹೇಳಿದ್ಲು. ನಾನೇ ಕಿವಿಗೆ ಹಾಕ್ಕೊಳ್ಲಿಲ್ಲ.”

ಸಂಜೆ ಅಜ್ಜಿ ಸಣ್ಣ ಬಟ್ಟಲಲ್ಲಿ ತೆಳುವಾದ ಅನ್ನದ ಗಂಜಿ ತಂದಳು. “ಎಷ್ಟು ಬೇಕೋ ಅಷ್ಟು ಕುಡಿ.”

ಶಿವು ಕೇರಂ ಬೋರ್ಡ್ ಹೊತ್ತು ತಂದ. “ಬಾರೇ, ಇದನ್ನ ಕೂತೇ ಆಡಬಹುದು.” ಮಧ್ಯಾಹ್ನದ್ದನ್ನು ನೆನೆದು, “ಥ್ಯಾಂಕ್ಸ್ ಕಣೋ,” ಎಂದಳು ಭವ್ಯಾ. ಅವನು ನಾಚಿ ಕಾಯಿ ಜೋಡಿಸತೊಡಗಿದ.

ನಾಲ್ಕು ಚಮಚ ಗಂಜಿ ಕುಡಿಯುವಷ್ಟರಲ್ಲಿ ಭವ್ಯಾಳ ಹೊಟ್ಟೆ ಬಿಗಿಯಿತು.

“ಸಾಕು ಅಜ್ಜಿ,” ಎಂದು ಮೆಲ್ಲಗೆ ಹೇಳಿ, ಭವ್ಯಾ ಅವಳ ಮುಖ ನೋಡಿದಳು.

ಅಜ್ಜಿಯ ಮುಖ ಬಾಡಲಿಲ್ಲ. ಅವಳು ಬಟ್ಟಲಿಗೆ ತಟ್ಟೆ ಮುಚ್ಚಿದಳು. “ಇಲ್ಲೇ ಐತೆ. ಬೇಕಂದಾಗ ಕೇಳು.”

ಭವ್ಯಾ ಅಜ್ಜಿಯ ಬಿಸಿ ಕೈ ಹಿಡಿದು ಕೆನ್ನೆಗೆ ಒತ್ತಿಕೊಂಡಳು.