ಕೊಟಗೆಡೆಯ ವೀಳ್ಯದ ಪೆಟ್ಟಿಗೆ

ಪೆಟ್ಟಿಗೆ ಹೋಯಿತೆಂಬ ಸುದ್ದಿ ರೆತ್ನಾಳಿಗೆ ಮುಟ್ಟಿದ್ದು ಗುರುವಾರ ಹಗಲು ಹನ್ನೆರಡರ ಹೊತ್ತಿಗೆ, ಕೊಟಗೆಡೆಯ ರಾಜಸಮಾಧಿಗಳ ಬಾಗಿಲಲ್ಲಿ. ಒಳಗೆ ಹೋಗುವವರು ತಮ್ಮ ಉಡುಪು ಬಿಚ್ಚಿಟ್ಟು, ಕಾವಲಿನವರು ಕೊಡುವ ಬಾತಿಕ್ ಬಟ್ಟೆಯನ್ನು ಬಿಗಿಯಾಗಿ ಸುತ್ತಿಕೊಂಡೇ ಹೋಗಬೇಕು. ಚೀಲ, ಫೋನು ಎಲ್ಲ ಹೊರಗೆ ಕಾವಲಿನವರ ಕಣ್ಣೆದುರಿಗೆ. ಊರು ತೋರಿಸುವ ನಡಿಗೆಗೆ ಅವಳು ಕರೆತಂದಿದ್ದ ನಾಲ್ವರು ಪ್ರವಾಸಿಗರು ಸಮಾಧಿ ನೋಡಿ ಬಂದು ಬಟ್ಟೆ ಬದಲಿಸುತ್ತಿದ್ದರು. ರೆತ್ನಾ ಫೋನು ತೆಗೆದು ನೋಡಿದರೆ ಬು ಮುರ್ದಿನಿಂಗ್ ಅವರಿಂದ ಏಳು ಕರೆ.

"ನಿನ್ನ ಜನರನ್ನ ಎಲ್ಲೂ ಬಿಡ್ಬೇಡ. ಈಗಿಂದೀಗ್ಲೇ ಮನೆಗೆ ಕರ್ಕೊಂಡು ಬಾ," ಎಂದಿತು ಮುದುಕಿಯ ದನಿ. "ಅಪ್ಪನ ಪೆಟ್ಟಿಗೆ ಕಾಣ್ತಿಲ್ಲ."

ಓಣಿಯೆಲ್ಲ ಬು, ಅಂದರೆ ಅಮ್ಮ, ಎಂದು ಕರೆಯುವ ಮುರ್ದಿನಿಂಗ್ ಎಪ್ಪತ್ತಾರರ ವಿಧವೆ. ಅವರ ತಂದೆ ಕೊಟಗೆಡೆಗೇ ಹೆಸರಾಗಿದ್ದ ಬೆಳ್ಳಿ ಕೆಲಸಗಾರ. ತಮ್ಮ ಮದುವೆಯಲ್ಲಿ ಹೆಂಡತಿಗೆ ಕೊಡಲೆಂದು ಅವರು ಕೈಯಾರೆ ಮಾಡಿದ ಬೆಳ್ಳಿಯ ವೀಳ್ಯದ ಪೆಟ್ಟಿಗೆ, ಎರಡು ಅಂಗೈ ಜೋಡಿಸಿದಷ್ಟು ದೊಡ್ಡದು, ಹಜಾರದ ಗಾಜಿನ ಬೀರುವಿನಲ್ಲಿ ಎಂಬತ್ತು ವರ್ಷದಿಂದ ಇತ್ತು. ಮಾರುಕಟ್ಟೆ, ಹಳೆಯ ಮಸೀದಿ, ಆಮೇಲೆ ಈ ಮನೆ, ಕೊನೆಗೆ ಸಮಾಧಿಗಳು: ಹಳೆಯ ರಾಜಧಾನಿಯ ತನ್ನ ನಡಿಗೆಯನ್ನು ರೆತ್ನಾ ಆರು ವರ್ಷದಿಂದ ಇದೇ ದಾರಿಯಲ್ಲಿ ನಡೆಸಿಕೊಂಡು ಬಂದಿದ್ದಳು.

ಮನೆ ಮುಟ್ಟುವ ಹೊತ್ತಿಗೆ ಓಣಿಯ ಜನ ಬಾಗಿಲಲ್ಲಿ ನೆರೆದಿದ್ದರು. ನಡುವೆ, ಎಲ್ಲರೂ ಯು, ಅಂದರೆ ಅಕ್ಕ, ಎನ್ನುವ ಪೈನೆಮ್ ನಿಂತಿದ್ದಳು. ಇಪ್ಪತ್ತೆರಡು ವರ್ಷದಿಂದ ಆ ಮನೆಯ ಅಡುಗೆ, ಕಸ ಮುಸುರೆ ನೋಡುತ್ತಿದ್ದ ಹೆಂಗಸು. ಅವಳ ಬಟ್ಟೆಯ ಗಂಟನ್ನು ಎಲ್ಲರೆದುರಿಗೇ ಬಿಚ್ಚಿಸಿದ್ದರು. ಒಂದು ಹಳೆಯ ರವಿಕೆ, ಬಾಚಣಿಗೆ, ಬಾಳೆಲೆಯಲ್ಲಿ ಕಟ್ಟಿದ ನಾಲ್ಕು ಸಿಹಿ ಕಡುಬು ನೆಲದ ಮೇಲೆ ಬಿದ್ದಿದ್ದವು. ಪೈನೆಮ್ ಅವನ್ನು ಎತ್ತಿಕೊಳ್ಳಲಿಲ್ಲ. ರೆತ್ನಾ ಬಗ್ಗಿ ಒಂದೊಂದನ್ನೇ ಎತ್ತಿ ಗಂಟು ಕಟ್ಟಿಕೊಟ್ಟಳು. ಪೈನೆಮ್ ಯಾರ ಮುಖವನ್ನೂ ನೋಡದೆ ಹೊರಟುಹೋದಳು.

ಪ್ರವಾಸಿಗರು ತಾವಾಗಿಯೇ ಚೀಲ ತೆರೆದು ತೋರಿಸಿದರು. ಏನೂ ಸಿಗಲಿಲ್ಲ.

"ನಾಳೆ ಮಧ್ಯಾಹ್ನದವರೆಗೆ ಕಾಯ್ತೀನಿ, ಆಮೇಲೆ ಪೊಲೀಸ್ನವರಿಗೆ ಹೇಳ್ತೀನಿ," ಎಂದರು ಬು ಮುರ್ದಿನಿಂಗ್. "ನಿನ್ನ ನಡಿಗೆ ಇನ್ನು ಈ ಓಣಿಗೆ ಬರೋದು ಬೇಡ, ರೆತ್ನಾ."

ರೆತ್ನಾ ನೆಟ್ಟಗೆ ಪಾಕ್ ಜುಮೆನೊ ಅವರ ಮನೆಗೆ ನಡೆದಳು; ಹಿರಿಯ ಗಂಡಸರನ್ನು ಅಲ್ಲಿ ಪಾಕ್ ಎಂದೇ ಕರೆಯುತ್ತಾರೆ. ಮೂವತ್ತೊಂದು ವರ್ಷ ಕೊಟಗೆಡೆಯ ಓಣಿಗಳಲ್ಲಿ ಅಂಚೆ ಹಂಚಿ ನಿವೃತ್ತರಾದ ಮನುಷ್ಯ. ಯಾರ ಮನೆಗೆ ಎಲ್ಲಿಂದ ಕಾಗದ ಬರುತ್ತದೆ, ಯಾರು ಅದನ್ನು ಒಡೆಯದೆ ಒಲೆಗೆ ಹಾಕುತ್ತಾರೆ ಎಂಬುದೆಲ್ಲ ಅವರಿಗೆ ಗೊತ್ತಿತ್ತು. ಗೊತ್ತಿದ್ದದ್ದನ್ನು ಅವರು ಯಾರಿಗೂ ಹೇಳುತ್ತಿರಲಿಲ್ಲ. ಅದಕ್ಕೇ ಕೇರಿಯಲ್ಲಿ ಏನಾದರೂ ಕಳೆದರೆ, ಯಾರಾದರೂ ಮುನಿಸಿಕೊಂಡು ಹೋದರೆ, ಜನ ಮೊದಲು ಅವರ ಜಗುಲಿಗೆ ಬರುತ್ತಿದ್ದರು. ಹಿಂದೆ ನಾಲ್ಕು ಸಲ ಇಂಥ ಕೆಲಸದಲ್ಲಿ ರೆತ್ನಾ ಅವರ ಹಿಂದೆ ಓಡಾಡಿದ್ದಳು. ನಾಲ್ಕು ಸಲವೂ ಅವರು ಹೇಳುವವರೆಗೆ ಅವಳಿಗೆ ಏನೂ ಹೊಳೆದಿರಲಿಲ್ಲ.

ಅವರು ಪಂಜರದ ಹಕ್ಕಿಗೆ ಕಾಳು ಹಾಕುತ್ತಿದ್ದರು. "ಕೂತ್ಕೋ ಮಗಳೇ. ಮನೆ ಒಳಗೆ ಕಾಲಿಟ್ಟಲ್ಲಿಂದ ಹೇಳು. ನಿನಗೆ ಮುಖ್ಯ ಅನ್ನಿಸದೇ ಇರೋದನ್ನೂ ಹೇಳು."

ರೆತ್ನಾ ಹೇಳಿದಳು. "ನಾಲ್ಕು ಜನ, ದೊಡ್ಡಪ್ಪ. ಸುರಬಾಯದ ಮೇಷ್ಟ್ರು, ಅವರ ಹೆಂಡತಿ. ಫೆಮ್ಕೆ ಅಂತ ಹಾಲೆಂಡಿನ ಹುಡುಗಿ. ಜಕಾರ್ತಾದ ಹೆಂದಾರ್ತೊ, ಹಳೇ ಸಾಮಾನು ಕೂಡಿಡೋ ಆಸಾಮಿ. ಹೋದ ವರ್ಷ ಮೂರು ಸಲ ಬಂದು ಪೆಟ್ಟಿಗೆ ಮಾರ್ತೀರಾ ಅಂತ ಬು ಅವರನ್ನ ಪೀಡಿಸಿದ್ದ."

"ಈ ಸಲ?"

"ಪಾಕ್ ವಿಗ್ನ್ಯೊ ಪೆಟ್ಟಿಗೆ ತೆಗೆದು ತೋರಿಸಿದ್ರು. ಹೆಂದಾರ್ತೊ ಕೈ ಚಾಚಿ ಇಸ್ಕೊಂಡ, ತಿರುಗಿಸಿ ನೋಡಿದ, ವಾಪಸ್ ಕೊಟ್ಟ. ಮೂಲೇಲಿದ್ದ ಹಿತ್ತಾಳೆ ದೀಪ ಎಷ್ಟು ವರ್ಷದ್ದು ಅಂತ ಕೇಳಿದ, ಅಷ್ಟೆ."

ವಿಗ್ನ್ಯೊ ಎಂದರೆ ಬು ಮುರ್ದಿನಿಂಗ್ ಅವರ ತಮ್ಮ. ಎಪ್ಪತ್ತು ವರ್ಷ. ತಂದೆಯ ಕಸುಬನ್ನು ಮುಂದುವರಿಸಿದ್ದ ಅವರ ಕೆಲಸದ ಕೋಣೆ ಅದೇ ಮನೆಯ ಹಿತ್ತಿಲಲ್ಲಿತ್ತು.

"ಆಮೇಲೆ?"

"ನೀವೆಲ್ಲ ಹಿತ್ತಿಲಿಗೆ ನಡೀರಿ, ಇದನ್ನ ಒಳಗಿಟ್ಟು ಬರ್ತೀನಿ ಅಂದ್ರು. ಬೀರುವಿನ ಬಾಗಿಲು ಹಾಕಿದ ಸದ್ದು ನಮಗೆಲ್ಲ ಕೇಳಿಸ್ತು. ಕೆಲಸ ತೋರಿಸುವಾಗ ಹೆಂದಾರ್ತೊ ಹತ್ತು ನಿಮಿಷ ಎದ್ದು ಹೋಗಿದ್ದ. ಅಷ್ಟೊತ್ತಿಗೆ ಪೈನೆಮ್ ಬಂದು ಹಜಾರ ಗುಡಿಸ್ತಿದ್ಲು. ಹೊರಗಿನವರು ಬಂದ್ರೆ ಬು ಯಾವಾಗ್ಲೂ ಒಳಕೋಣೆ ಸೇರ್ತಾರೆ; ನಾವು ಹೊರಟ ಮೇಲೆ ಬಂದು ನೋಡಿದ್ರೆ ಬೀರು ಖಾಲಿ."

"ವಿಗ್ನ್ಯೊ ಏನು ಕೆಲಸ ತೋರಿಸಿದ? ಎಂದಿನ ಮಲ್ಲಿಗೆ ಹೂವಿನ ಕೆತ್ತನೆಯೇ?"

"ಇಲ್ಲ. ಕೆತ್ತನೆ ಬಿಟ್ಟು ಎರಡು ತಿಂಗಳಾಯ್ತು, ಬೆನ್ನು ನೋವಂತೆ. ಬರೀ ಸುತ್ತಿಗೆ ಕೆಲಸ ತೋರಿಸ್ತಿದ್ರು. ಇವತ್ತು ಬೆಳ್ಳಿ ಕರಗಿಸಿದ್ರು. ಚೂರುಪಾರನ್ನ ಬಟ್ಟೇಲಿ ಸುತ್ತಿ ಸುತ್ತಿಗೇಲಿ ಚಚ್ಚಿ, ಮೂಸೆಗೆ ಹಾಕಿ, ಅಚ್ಚಿಗೆ ಹೊಯ್ದ್ರು. ಎಲ್ಲರಿಗೂ ಖುಷಿ. ಆರಿದ ಗಟ್ಟಿ ಮೇಷ್ಟ್ರ ಕೈಗೆ ಕೊಟ್ಟಾಗ, 'ಇದರ ಭಾರಕ್ಕೆ ನನ್ನ ಮಣಿಕಟ್ಟೇ ಬಿದ್ದುಹೋಗ್ತದೆ' ಅಂದ್ರು."

ಪಾಕ್ ಜುಮೆನೊ ಪಂಜರದ ಬಾಗಿಲು ಹಾಕಿ, ಕೈ ಒರೆಸಿಕೊಂಡರು. "ಆ ಹುಡುಗಿ ಫೋಟೋ ತೆಗೆದಿರ್ಬೇಕಲ್ಲ?"

ಫೆಮ್ಕೆಯಿಂದ ಆರು ಚಿತ್ರ ಬಂದವು. ಹೆಂದಾರ್ತೊನ ಕೈಯಲ್ಲಿ ಪೆಟ್ಟಿಗೆ ಹಿಂದೆ ಮುಂದೆ ಎಲ್ಲ ಕಾಣುತ್ತಿತ್ತು. ನಾಲ್ಕು ಮೂಲೆಗಳೂ ನೇರವಾಗಿ, ನುಣುಪಾಗಿ ಮಿನುಗುತ್ತಿದ್ದವು. ಎಷ್ಟು ಚೆನ್ನಾಗಿದೆ ಎಂದಷ್ಟೇ ರೆತ್ನಾಳಿಗೆ ಅನಿಸಿತು.

ಅಲ್ಲಿಂದ ಇಬ್ಬರೂ ಪೈನೆಮ್ ಮನೆಗೆ ಹೋದರು. ಅವಳು ಹೊಸಿಲ ಮೇಲೆ ಕೂತು ಅಂಟುವಾಳ ಕಾಯಿ ಜಜ್ಜುತ್ತಿದ್ದಳು.

"ಇದ್ಯಾಕೆ ಯು?" ಎಂದರು ಜುಮೆನೊ.

"ನಾಳೆ ಕ್ಲಿವೊನ್ ಶುಕ್ರವಾರ ಅಲ್ವಾ. ಮೂವತ್ತೈದು ದಿನಕ್ಕೊಂದ್ಸಲ ಬರೋ ಈ ದಿನ ಆ ಮನೆ ಬೆಳ್ಳಿನೆಲ್ಲ ನಾನೇ ತೊಳೆಯೋದು. ಬೆಳಿಗ್ಗೆ ಕಾಯಿ ನೆನೆಹಾಕಿದ್ದೆ. ನನ್ನ ಗಂಟು ಬಿಚ್ಚಿದ್ರು ಅಂತ ಕಾಯಿ ಯಾಕೆ ಹಾಳು ಮಾಡ್ಲಿ? ನಮ್ಮನೆ ಬಟ್ಟೆಗಾಗ್ತದೆ."

"ಪೆಟ್ಟಿಗೇನೂ ನೀವೇ ತೊಳೀತಿದ್ರಾ?"

"ಮತ್ಯಾರು? ಕಣ್ಣು ಮುಚ್ಚಿ ತೊಳೀತೀನಿ. ಹಿಂದಿನ ಮೂಲೇಲಿ ಒಂದು ನೆಗ್ಗಿದೆ. ಭೂಕಂಪದಲ್ಲಿ ಹೆಂಚು ಬಿದ್ದು ಆಗಿದ್ದು. ನನ್ನ ಹೆಬ್ಬೆಟ್ಟು ಅದರೊಳಗೆ ಸರಿಯಾಗಿ ಕೂರ್ತದೆ. ಬು ಅವರಿಗೆ ಅದು ಕಂಡ್ರೆ ಬೇಜಾರು, ಅದಕ್ಕೆ ಗೋಡೆ ಕಡೆ ತಿರುಗಿಸಿ ಇಡ್ತೀವಿ. ಹೋದ ಸಲ ತೊಳೆಯುವಾಗ ಮುಚ್ಚಳದ ಕೀಲು ಸಡಿಲ ಆಗಿತ್ತು. ಪಾಕ್ ವಿಗ್ನ್ಯೊ ತಗೊಂಡ್ಹೋಗಿ ಬೆಸುಗೆ ಹಾಕಿ ತಂದಿಟ್ರು."

"ಅದಾದ ಮೇಲೆ ನೀವು ಅದನ್ನ ಮುಟ್ಟಿದ್ರಾ?"

"ಇಲ್ಲ. ನಾಳೆ ಮುಟ್ತಿದ್ದೆ."

ಓಣಿಗೆ ಬಂದ ಮೇಲೆ ಜುಮೆನೊ ರೆತ್ನಾಳ ಕಡೆ ತಿರುಗಿದರು. "ಬೆಳಿಗ್ಗೆ ಎಂಟಕ್ಕೆ ಎಲ್ಲರನ್ನೂ ಆ ಹಜಾರಕ್ಕೆ ಸೇರಿಸು. ಹೆಂದಾರ್ತೊ ತಪ್ಪಿಸ್ಕೋಬಾರ್ದು. ಪೈನೆಮ್‌ನ ನೀನೇ ಕೈ ಹಿಡಿದು ಕರ್ಕೊಂಡು ಬಾ."

"ಯಾರು ದೊಡ್ಡಪ್ಪ?"

"ಇದನ್ನ ಹೇಳೋದು ನನಗೂ ಇಷ್ಟ ಇಲ್ಲ. ನಾಳೆ ಒಂದೇ ಸಲ ಹೇಳಿ ಮುಗಿಸ್ತೀನಿ."

ಶುಕ್ರವಾರ ಬೆಳಿಗ್ಗೆ ಹಜಾರದಲ್ಲಿ ಚಾಪೆ ಹಾಸಿ, ಶುಂಠಿ ಚಹಾ ಕೊಟ್ಟರು. ಪೈನೆಮ್ ಲೋಟ ಮುಟ್ಟಲಿಲ್ಲ. ಬಾಗಿಲ ಹತ್ತಿರ ರೆತ್ನಾಳ ಪಕ್ಕ ಕೂತಳು. ಬು ಮುರ್ದಿನಿಂಗ್ ಕುರ್ಚಿಯಲ್ಲಿ, ವಿಗ್ನ್ಯೊ ಕಂಬಕ್ಕೆ ಒರಗಿ. ನಾಲ್ವರು ಪ್ರವಾಸಿಗರು ಒಂದು ಸಾಲಾಗಿ ಕೂತಿದ್ದರು.

"ಮೊದಲು ಅತಿಥಿಗಳ ವಿಷಯ," ಎಂದರು ಪಾಕ್ ಜುಮೆನೊ. "ಇಲ್ಲಿಂದ ಅವರು ಹೋದದ್ದು ಸಮಾಧಿಗೆ. ಅಲ್ಲಿ ಉಟ್ಟ ಬಟ್ಟೆ ಬಿಚ್ಚಬೇಕು, ಚೀಲ ಕಾವಲಿನವರೆದುರಿಗೆ ಇಡಬೇಕು. ಎರಡು ಅಂಗೈ ಅಗಲದ ಪೆಟ್ಟಿಗೆ ಮೈಮೇಲಿದ್ದಿದ್ರೆ ಅಲ್ಲೇ ಬಯಲಾಗ್ತಿತ್ತು. ದಾರಿ ಉದ್ದಕ್ಕೂ ರೆತ್ನಾ ಜೊತೇಲಿದ್ಲು. ಅಂದ್ರೆ ಪೆಟ್ಟಿಗೆ ಅವರು ಒಯ್ದಿಲ್ಲ. ಹೆಂದಾರ್ತೊ ಅವರೇ, ಆ ಹತ್ತು ನಿಮಿಷ ಎಲ್ಲಿದ್ರಿ?"

ಹೆಂದಾರ್ತೊ ಕುತ್ತಿಗೆ ಕೆರೆದುಕೊಂಡ. "ಆ ಹಿತ್ತಾಳೆ ದೀಪ ಕೊಡಿಸ್ತೀರಾ ಅಂತ ಈ ತಾಯಿನ ಕೇಳ್ತಿದ್ದೆ. ಪೊರಕೆ ತೋರಿಸಿ ಕಳಿಸಿದ್ರು."

"ಹೌದು, ಕಳಿಸ್ದೆ," ಎಂದಳು ಪೈನೆಮ್.

"ಹೋದ ವರ್ಷ ಮೂರು ಸಲ ಪೆಟ್ಟಿಗೆ ಕೇಳಿದವರು ನಿನ್ನೆ ಕೈಗೆ ಬಂದಾಗ ಯಾಕೆ ಕೇಳ್ಲಿಲ್ಲ?"

ಹೆಂದಾರ್ತೊ ಬು ಮುರ್ದಿನಿಂಗ್ ಕಡೆಗೊಮ್ಮೆ ನೋಡಿದ. "ಮನೆಯವರ ಮುಂದೆ ಹೇಳೋದು ಹೇಗೆ ಅಂತ ಸುಮ್ಮನಿದ್ದೆ ಪಾಕ್. ಕೈಗೆ ತಗೊಂಡ ಕೂಡ್ಲೇ ಗೊತ್ತಾಯ್ತು. ಕೆತ್ತನೆ ಒರಟು. ಅದು ಹಳೇದಲ್ಲ."

ಬು ಮುರ್ದಿನಿಂಗ್ ಕುರ್ಚಿಯ ಕೈ ಹಿಡಿದು ಮುಂದಕ್ಕೆ ಬಾಗಿದರು. ಜುಮೆನೊ ಫೋನಿನ ಚಿತ್ರವನ್ನು ದೊಡ್ಡದು ಮಾಡಿ ಪೈನೆಮ್ ಕೈಗೆ ಕೊಟ್ಟರು.

ಅವಳು ಹೆಬ್ಬೆರಳಿನಿಂದ ಗಾಜನ್ನು ತಡವಿದಳು. "ನೆಗ್ಗಿಲ್ಲ," ಎಂದಳು. "ಇದು ನಮ್ಮ ಪೆಟ್ಟಿಗೆ ಅಲ್ಲ."

"ಇಂದು ತೊಳೆಯೋಕೆ ಕೂತಿದ್ರೆ ನಿಮ್ಮ ಹೆಬ್ಬೆಟ್ಟೇ ಇದನ್ನ ಹೇಳಿಬಿಡ್ತಿತ್ತು. ಅದಕ್ಕೇ ಅದು ನಿನ್ನೆಯೇ ಮಾಯ ಆಗ್ಬೇಕಿತ್ತು, ಅದೂ ಹೊರಗಿನವರು ಬಂದು ಹೋದ ಹೊತ್ತಲ್ಲಿ. ಹೋದ ಕ್ಲಿವೊನ್ ಶುಕ್ರವಾರ ಯು ಪೈನೆಮ್ ತೊಳೆದದ್ದು ಅಸಲಿ. ಆಮೇಲೆ ಪೆಟ್ಟಿಗೆ ಮನೆ ಹಜಾರ ದಾಟಿದ್ದು ಒಂದೇ ಸಲ, ಕೀಲು ಬೆಸೆಯೋಕೆ. ವಾಪಸ್ ಬಂದದ್ದು ಬೇರೆ." ಜುಮೆನೊ ಯಾರ ಕಡೆಗೂ ನೋಡಲಿಲ್ಲ. "ನಿನ್ನೆ ಅತಿಥಿಗಳು ಹಿತ್ತಿಲಿಗೆ ಹೋದರು, ಬೀರುವಿನ ಬಾಗಿಲು ಹಾಕಿದ ಸದ್ದು ಕೇಳಿಸ್ತು. ಪೆಟ್ಟಿಗೆ ಒಳಗಿಟ್ಟದ್ದನ್ನ ಯಾರೂ ನೋಡಿಲ್ಲ. ಅದು ಬಟ್ಟೆಯೊಳಗೆ ಸುತ್ತಿಕೊಂಡು ಕೆಲಸದ ಕೋಣೆಗೆ ಬಂತು. ಬಟ್ಟೆ ಸಮೇತ ಚಚ್ಚಿ ಮೂಸೆಗೆ ಬಿತ್ತು. ತೋರಿಸೋಕೆ ಕರಗಿಸುವ ಬೆಳ್ಳಿ ಒಂದು ಅಡಿಕೆಯಷ್ಟಿದ್ರೆ ಸಾಕು. ಮೇಷ್ಟ್ರ ಮಣಿಕಟ್ಟು ಬೀಳುವಷ್ಟು ಯಾಕೆ ಬೇಕು? ಆಮೇಲೆ ಎಲ್ಲರೂ ಹುಡುಕಿದ ಪೆಟ್ಟಿಗೆ ಎಲ್ಲರ ಕಣ್ಣೆದುರಿಗೇ ನೀರಾಗಿ ಹರೀತು."

ರೆತ್ನಾ ಕಂಬದ ಕಡೆಗೆ ತಿರುಗಿದಳು. ಚಿಕ್ಕಂದಿನಲ್ಲಿ ಅವಳ ಕಿವಿಗೆ ಓಲೆ ಮಾಡಿಕೊಟ್ಟಿದ್ದವರು ಇದೇ ವಿಗ್ನ್ಯೊ.

"ಯಾಕೋ?" ಎಂದರು ಬು ಮುರ್ದಿನಿಂಗ್. "ಮಾರಿದೆಯಾ?"

"ಮಾರ್ಲಿಲ್ಲ ಅಕ್ಕ." ವಿಗ್ನ್ಯೊ ಅವರ ದನಿ ಗಟ್ಟಿಯಾಗಿಯೇ ಇತ್ತು. "ಬೆಸೆಯುವಾಗ ಬೆಳ್ಳಿ ಕೆಂಪಾಗೋದು ಕಾಣ್ಬೇಕು. ಆ ಬಣ್ಣ ನೋಡಿ ಉರಿ ತೆಗೀಬೇಕು. ನನಗೆ ಕಾಣ್ಲಿಲ್ಲ. ಮುಚ್ಚಳ ಬೆಣ್ಣೆ ಥರ ಕುಸಿದು ಹೋಯ್ತು. ಅಪ್ಪನ ಕೆಲಸ. ನನ್ನ ಕೈಯಲ್ಲಿ."

"ಬೆನ್ನು ನೋವು ಅಂತ ಕೆತ್ತನೆ ಬಿಟ್ಟದ್ದು ಕಣ್ಣಿನ ದೆಸೆಯಿಂದ," ಎಂದರು ಜುಮೆನೊ ಮೆಲ್ಲಗೆ.

"ಹೂಂ. ಒಂದು ತಿಂಗಳು ಕೈಯಿಂದ ತಡವಿ ತಡವಿ ಇನ್ನೊಂದು ಮಾಡ್ದೆ. ಆ ನೆಗ್ಗು ನೆನಪಿಗೇ ಬರ್ಲಿಲ್ಲ. ತಂದಿಟ್ಟ ಮೇಲೆ ಬಂತು. ಬೀರುವಿಂದ ತೆಗೆದು ನೆಗ್ಗು ಹಾಕೋಣ ಅಂದ್ರೆ, ಹೊರಗಿನವರು ಬಂದಾಗ ಬಿಟ್ರೆ ಅಕ್ಕ ಯಾವಾಗ್ಲೂ ಇಲ್ಲೇ ಕೂತಿರ್ತಾಳೆ. ಹೊರಗಿನವರ ಮೇಲೆ ಅನುಮಾನ ಬರ್ತದೆ, ನಾಲ್ಕು ದಿನಕ್ಕೆ ಮರೀತಾರೆ ಅಂದ್ಕೊಂಡೆ."

"ನನ್ನ ಗಂಟು ಬಿಚ್ಚುವಾಗ ನೀವು ಇಲ್ಲೇ ನಿಂತಿದ್ರಿ," ಎಂದಳು ಪೈನೆಮ್.

ವಿಗ್ನ್ಯೊ ತಲೆ ಎತ್ತಲಿಲ್ಲ. "ನಿಂತಿದ್ದೆ."

ಅವರು ಎದ್ದು ಹಿತ್ತಿಲಿಗೆ ಹೋಗಿ, ತಾಯಿಯ ಹಳೆಯ ಬಾತಿಕ್ ಸೆರಗಿನಲ್ಲಿ ಸುತ್ತಿದ್ದ ಅಸಲಿ ಪೆಟ್ಟಿಗೆಯನ್ನು ತಂದು ಅಕ್ಕನ ಮಡಿಲಲ್ಲಿಟ್ಟರು. ಮುಚ್ಚಳ ಅರ್ಧ ಸುರುಟಿ ಒಳಕ್ಕೆ ಇಳಿದಿತ್ತು. ಕೆಳಗಿನ ಬಳ್ಳಿಗಳು ಮಾತ್ರ ಎಳೆ ಎಳೆಯಾಗಿ ಹಾಗೇ ಇದ್ದವು. ಬು ಮುರ್ದಿನಿಂಗ್ ಬಹಳ ಹೊತ್ತು ಅದರ ಮೇಲೆ ಕೈಯಾಡಿಸಿದರು.

"ಕೆಟ್ಟುಹೋಯ್ತು ಅಂತ ಬಂದು ಹೇಳಿದ್ರೆ ಒಂದು ದಿನ ಅಳ್ತಿದ್ದೆ," ಎಂದರು ಕೊನೆಗೆ. "ಅಷ್ಟೇ ಆಗ್ತಿತ್ತು. ಈಗ ನೋಡು, ಇಪ್ಪತ್ತೆರಡು ವರ್ಷ ನನ್ನ ಅನ್ನ ಬೇಯಿಸಿದವಳ ಗಂಟಿಗೆ ನಾನೇ ಕೈ ಹಾಕ್ದೆ." ಅವರು ಕುರ್ಚಿಯಿಂದ ಎದ್ದು, ಬಾಗಿಲವರೆಗೆ ನಡೆದು, ಪೈನೆಮ್ ಮುಂದೆ ಚಾಪೆಯ ಮೇಲೆ ಕೂತರು. "ತಪ್ಪಾಯ್ತು ಯು."

ಪೈನೆಮ್ ಕಣ್ಣೊರೆಸಿಕೊಂಡಳು. ಆದರೆ ಸುಲಭಕ್ಕೆ ಬಗ್ಗಲಿಲ್ಲ. "ಇಲ್ಲಿ ಒಳಗೆ ಹೇಳಿದ್ದು ಒಳಗೇ ಇರ್ತದೆ ಬು. ನನ್ನ ಕಡುಬು ಬಿದ್ದದ್ದು ಓಣೀಲಿ."

ವಿಗ್ನ್ಯೊ ಟೋಪಿ ಹಾಕಿಕೊಂಡು ಹೊರಗೆ ಹೊರಟರು. ಓಣಿಯ ಬಾವಿಕಟ್ಟೆಯ ಹತ್ತಿರ ಹೆಂಗಸರು ನೀರು ಸೇದುತ್ತಿದ್ದರು, ಮುದುಕರಿಬ್ಬರು ಪತ್ರಿಕೆ ಓದುತ್ತಿದ್ದರು. ಅವರ ನಡುವೆ ನಿಂತು, ಕೊಟಗೆಡೆಯ ಹೆಸರಾಂತ ಬೆಳ್ಳಿ ಕೆಲಸಗಾರ, ತಮ್ಮ ಕಣ್ಣು ಹೋದದ್ದನ್ನು, ಪೆಟ್ಟಿಗೆ ಕೆಡಿಸಿದ್ದನ್ನು, ಪೈನೆಮ್ ಮೇಲೆ ಅಪವಾದ ಬಂದಾಗ ಬಾಯಿ ಮುಚ್ಚಿಕೊಂಡು ನಿಂತದ್ದನ್ನು ಒಂದೊಂದಾಗಿ ಹೇಳಿದರು. ರೆತ್ನಾ ಆ ಓಣಿಯಲ್ಲಿ ನೂರಾರು ಸಲ ಜನರಿಗೆ ಕತೆ ಹೇಳಿದ್ದಳು. ಇಷ್ಟು ಮೌನವಾಗಿ ಜನ ಕೇಳಿದ್ದನ್ನು ಅವಳು ಕಂಡಿರಲಿಲ್ಲ.

ಪೈನೆಮ್ ಬಾಗಿಲಲ್ಲಿ ಕೈಕಟ್ಟಿ ನಿಂತು ಕೊನೆಯವರೆಗೂ ಕೇಳಿದಳು. ಆಮೇಲೆ ಬಾವಿಯ ಹತ್ತಿರ ಹೋದಳು.

"ನಾನಿದನ್ನ ಮರೆಯಲ್ಲ ಪಾಕ್," ಎಂದಳು. "ಆದ್ರೆ ಸೋಮವಾರ ಬೆಳಿಗ್ಗೆ ಏಳಕ್ಕೆ ತಯಾರಾಗಿರಿ. ನಿಮ್ಮನ್ನ ಕಣ್ಣಾಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ. ನೀವೊಬ್ಬರೇ ಹೊರಟ್ರೆ ದಾರೀಲಿ ಯಾವುದಾದ್ರೂ ಚರಂಡಿಗೆ ಬೀಳ್ತೀರಿ."