ಆಮ್ರಪಾಲಿಯ ಗಮನಮಾಪಕ

2025ರ ಜನವರಿ 19, ರವಿವಾರ, ಬೆಳಿಗ್ಗೆ 10 ಗಂಟೆ 40 ನಿಮಿಷ.

“ಅಲುಗಾಡಬ್ಯಾಡ ಲೇ ಸಮ್ರೀನ! ನೀ ಅಲುಗಾಡಿದ್ರ ಮೆದುಳೂ ಅಲುಗಾಡ್ತೈತಿ!”

“ಮೂಗಿನ ಮ್ಯಾಲ ನೊಣ ಕುಂತೈತಿ.”

“ಕುಂದ್ರಲಿ. ವಿಜ್ಞಾನದಾಗ ನೊಣ ಲೆಕ್ಕಕ್ಕಿಲ್ಲ.”

ಆಮ್ರಪಾಲಿಯ ಎದುರು ಸಮ್ರೀನ ಉಸಿರು ಬಿಗಿಹಿಡಿದು ಕುಳಿತಳು. ಅವಳ ತಲೆಗೆ ಕಪ್ಪು ಪ್ಲಾಸ್ಟಿಕ್ ಪಟ್ಟಿಯೊಂದು ಸುತ್ತಿತ್ತು. ಪಟ್ಟಿಯ ಒಳಗಿನ ನಾಣ್ಯದಷ್ಟು ದೊಡ್ಡ ಲೋಹದ ಬಿಲ್ಲೆ ಹಣೆಗೆ ತಾಗಿತ್ತು. ಪಟ್ಟಿಯಿಂದ ಇಳಿದ ಒಂದು ಕ್ಲಿಪ್ಪು ಕಿವಿಯ ತುದಿಯನ್ನು ಕಚ್ಚಿಕೊಂಡಿತ್ತು.

ಅದು ಪುಣೆಯಲ್ಲಿರುವ ಮಾಮನ ಮಗ ಆಡಿ ಬೇಸತ್ತು ಆಮ್ರಪಾಲಿಗೆ ಕೊಟ್ಟ ಆಟಿಕೆ. ಮೆದುಳಿನಲ್ಲಿ ಹುಟ್ಟುವ ತೀರಾ ಸಣ್ಣ ವಿದ್ಯುತ್ತನ್ನು ಈ ಪಟ್ಟಿ ಹಿಡಿಯುತ್ತದೆ, ಗಮನ ಹೆಚ್ಚಾದಷ್ಟೂ ಪೆಟ್ಟಿಗೆಯೊಳಗಿನ ಫ್ಯಾನ್ ಜೋರಾಗಿ ತಿರುಗಿ ಚೆಂಡನ್ನು ಮೇಲೆತ್ತುತ್ತದೆ ಎಂದು ಡಬ್ಬಿಯ ಮೇಲೆ ಬರೆದಿತ್ತು. ಚೆಂಡು ಪುಣೆಯಲ್ಲೇ ಕಳೆದುಹೋಗಿತ್ತು. ಹಾಗಾಗಿ ಗೆಳತಿಯರಿಬ್ಬರೂ ಫ್ಯಾನ್ ಬಿಚ್ಚಿ, ಅದರ ಎರಡು ವೈರುಗಳಿಗೆ ಒಂದು ಪುಟ್ಟ ಬಲ್ಬನ್ನೂ ಒಂದು ಮಲ್ಟಿಮೀಟರನ್ನೂ ಜೋಡಿಸಿದ್ದರು. ಈಗ ಗಮನ ಎಷ್ಟಿದೆ ಎಂಬುದನ್ನು ವೋಲ್ಟಿನಲ್ಲಿ ಓದಬಹುದಿತ್ತು.

ನಿಜ ಹೇಳಬೇಕೆಂದರೆ ಜೋಡಿಸಿದವಳು ಸಮ್ರೀನ. ಅವಳ ಅಪ್ಪ ದಾದಾಸಾಬರಿಗೆ ಸ್ಟೇಷನ್ ರಸ್ತೆಯಲ್ಲಿ ಮಿಕ್ಸರ್, ಫ್ಯಾನ್ ರಿಪೇರಿ ಮಾಡುವ ಅಂಗಡಿ ಇತ್ತು. ವೈರು ಬೆಸೆಯುವ ಸೋಲ್ಡರಿಂಗ್ ಕಡ್ಡಿ ಹಿಡಿದರೆ ಸಮ್ರೀನಳ ಕೈ ಎಳ್ಳಷ್ಟೂ ನಡುಗುತ್ತಿರಲಿಲ್ಲ. ಆಮ್ರಪಾಲಿ ಪಕ್ಕದಲ್ಲಿ ನಿಂತು “ಹುಷಾರ್” ಎಂದು ಹೇಳುವ ಕೆಲಸ ಮಾಡಿದ್ದಳು. ಹಾಗೆ ಹೇಳುತ್ತಲೇ ಒಮ್ಮೆ ತನ್ನ ಬೆರಳು ಸುಟ್ಟುಕೊಂಡು, ನೋಟ್‌ಬುಕ್ಕಿನಲ್ಲಿ ‘ಅಪಘಾತ: 1’ ಎಂದು ಬರೆದುಕೊಂಡಿದ್ದಳು.

ಆ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ‘ಗಮನಮಾಪಕ. ಸಂಶೋಧಕಿ: ಕು. ಆಮ್ರಪಾಲಿ, ಆರನೇ ತರಗತಿ’ ಎಂದಿತ್ತು. ಸಮ್ರೀನಳ ಹೆಸರು ಎರಡನೇ ಪುಟದಲ್ಲಿತ್ತು, ಪೆನ್ಸಿಲ್‌ನಲ್ಲಿ.

ಆಮ್ರಪಾಲಿ ಮೀಟರ್ ನೋಡಿದಳು. ಬಲ್ಬು ಮಿಣಮಿಣ ಎನ್ನುತ್ತಿತ್ತು.

“ಸೊನ್ನೆ ಪಾಯಿಂಟ್ ಆರು,” ಎಂದಳು, ಜ್ವರ ನೋಡಿದ ಡಾಕ್ಟರರ ದನಿಯಲ್ಲಿ.

“ನಿಮ್ಮವ್ವಂದು ಎಷ್ಟಿತ್ತು?”

“ಒಂದು ಪಾಯಿಂಟ್ ನಾಕು. ಅದೂ ಕುಕ್ಕರ್ ಸೀಟಿ ಎಣಸ್ಕೋತ ಕುಂತಿದ್ಲು.”

“ನಿಂದು?”

ಈ ಪ್ರಶ್ನೆಗೇ ಆಮ್ರಪಾಲಿ ಕಾಯುತ್ತಿದ್ದಳು. ಆದರೂ ಪುಟ ತಿರುವಿ ಹುಡುಕಿದವಳಂತೆ ಮಾಡಿದಳು. “ನಂದು... ಹಾಂ, ಮೂರು ಪಾಯಿಂಟ್ ಒಂದು.”

ಸಮ್ರೀನ ಪಟ್ಟಿ ತೆಗೆದು ಹಣೆ ಉಜ್ಜಿಕೊಂಡಳು. “ಇರಲಿ ಬಿಡು. ಬುಧವಾರ ಸಾಲ್ಯಾಗ ಪ್ರದರ್ಶನಕ್ಕ ಯಾರೇನು ಹೇಳೋದು? ಸರ್ಕಿಟ್ ನಾ ಹೇಳಲಿ?”

ಆಮ್ರಪಾಲಿ ಗಂಟಲು ಸರಿಮಾಡಿಕೊಂಡಳು. “ನೋಡು, ನಾ ಹೇಳಿದ್ದಲ್ಲ ಇದು, ಮೀಟರ್ ಹೇಳಿದ್ದು. ಸೊನ್ನೆ ಪಾಯಿಂಟ್ ಆರು ಇದ್ದಾಕಿ ನಡುವ ಮರ್ತ್ರ ಹ್ಯಾಂಗ? ಹೇಳಾಕಿ ನಾನು. ನೀ ಚಾರ್ಟ್ ಹಿಡಿ.”

ಸಮ್ರೀನ ಪಟ್ಟಿಯನ್ನು ಕೆಳಗಿಟ್ಟಳು. ಆಮೇಲೆ ಚಪ್ಪಲಿ ಮೆಟ್ಟಿದಳು.

“ಮೀಟರ್ ನಮ್ಮಪ್ಪಂದು. ಬುಧವಾರ ಮಟ ಇಟ್ಕೋ. ಚಾರ್ಟ್ ಹಿಡಿಯಾಕ ಗ್ವಾಡಿಗಿ ಒಂದು ಮೊಳಿ ಹೊಡಿ. ಅದರ ಗಮನ ಎಲ್ಲಿಗೂ ಹೋಗೂದಿಲ್ಲ.”

ಅವಳು ಹೋದಳು. ಆಮ್ರಪಾಲಿ ನೋಟ್‌ಬುಕ್ಕಿನಲ್ಲಿ ‘ಸಹಾಯಕಿಗೆ ಸಿಟ್ಟು ಜಾಸ್ತಿ’ ಎಂದು ಬರೆದಳು. ಬರೆದದ್ದನ್ನು ಓದಿದರೆ ಸರಿಯೆನಿಸಲಿಲ್ಲ. ಆದರೂ ಅಳಿಸಲಿಲ್ಲ, ಪೆನ್ನಿನಲ್ಲಿ ಬರೆದಿದ್ದಳು.

ಸಂಜೆ ಅಡುಗೆಮನೆಯಲ್ಲಿ ಅಜ್ಜಿ ಸೀತವ್ವ ಜೋಳದ ಹಿಟ್ಟು ನಾದುತ್ತಿದ್ದಳು. ತನ್ನ ಊರಾದ ಬಿಜ್ಜರಗಿಯಿಂದ ಬಂದಾಗಲೆಲ್ಲ ರೊಟ್ಟಿ ಬಡಿಯುವ ಕೆಲಸ ಅಜ್ಜಿಯದೇ. ಬೇರೆ ಯಾರೂ ಸಿಗದೆ ಆಮ್ರಪಾಲಿ ಪೆಟ್ಟಿಗೆಯನ್ನು ಹಿಡಿದು ಅಲ್ಲಿಗೇ ಬಂದಳು.

“ಆಯಿ, ನಿನ್ನ ಗಮನ ಅಳೀತೀನಿ.”

“ಬ್ಯಾಡ ಯವ್ವಾ. ನನ್ನ ತಲ್ಯಾಗ ಏನೈತಿ ಅಂತ ನಿಮ್ಮವ್ವಗ ಗೊತ್ತಾದ್ರ ಮನ್ಯಾಗ ಜಗಳ ಹತ್ತತಾವ.”

“ವಿಚಾರ ತೋರಸೂದಿಲ್ಲ ಆಯಿ, ಬರೇ ವೋಲ್ಟ್ ತೋರಸ್ತೈತಿ.”

“ಹಂಗಾದ್ರ ಹಾಕು. ಲಗೂನ ಮುಗಸು.”

ಆಮ್ರಪಾಲಿ ಪಟ್ಟಿ ತೊಡಿಸಿದಳು. ಆದರೆ ಹಿಟ್ಟಿಗೆ ಬಲ ಹಾಕಿ ಬಾಗದಿದ್ದರೆ ಅದು ಅಜ್ಜಿಯೇ ಅಲ್ಲ. ಎರಡನೇ ಸಲ ಬಾಗಿದಾಗ ಪಟ್ಟಿ ಜಾರಿ ನೇರವಾಗಿ ಹಿಟ್ಟಿನ ಪರಾತದೊಳಗೆ ಬಿತ್ತು. ಬಿಲ್ಲೆ ಹಿಟ್ಟಿನ ಮುದ್ದೆಗೆ ಮೆತ್ತಿಕೊಂಡಿತು. ಕ್ಲಿಪ್ಪೂ ಪಕ್ಕದಲ್ಲೇ ಹೂತುಕೊಂಡಿತು.

ಬಲ್ಬು ಝಗ್ಗೆಂದು ಹತ್ತಿತು.

ಆಮ್ರಪಾಲಿ ಮೀಟರ್ ನೋಡಿದಳು. ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ಮೂರು ಪಾಯಿಂಟ್ ನಾಲ್ಕು.

“ಎಷ್ಟಂತ ಬೇ ನಂದು?” ಎಂದು ಅಜ್ಜಿ ಕೇಳಿದಳು.

“ನಿಂದಲ್ಲ ಆಯಿ. ಹಿಟ್ಟಿಂದು.”

“ನಿಂದೆಷ್ಟಿತ್ತು?”

“ಅದಕ್ಕಿಂತ... ಒಂದೀಟು ಕಮ್ಮಿ.”

ಅಜ್ಜಿ ಮುದ್ದೆಯನ್ನು ಗೌರವದಿಂದ ನೋಡಿದಳು. “ಅಯ್ಯ, ಇಷ್ಟು ಶಾಣ್ಯಾ ಹಿಟ್ಟು ಹ್ಯಾಂಗ ಬಡೀಲಿ? ನಾಳಿಂದ ಸಾಲಿಗಿ ಇದನ್ನ ಕಳಿಸು. ರೊಟ್ಟಿ ನೀ ಆಗು.”

ಅಜ್ಜಿ ನಕ್ಕಳು. ಆಮ್ರಪಾಲಿಗೆ ನಗು ಬರಲಿಲ್ಲ. ಇದು ತಪ್ಪು ಅಂಕಿ ಇರಬೇಕೆಂದು ಮತ್ತೆ ಮೂರು ಸಲ ಪರೀಕ್ಷಿಸಿದಳು. 3.4, 3.3, 3.4. ಹಿಟ್ಟಿನ ಗಮನ ಹೆಚ್ಚೇನೂ ಆಚೀಚೆ ಹೋಗಲಿಲ್ಲ.

ಅಂದರೆ ಮೆದುಳಿಲ್ಲದಿದ್ದರೂ ಸರಿ, ಹಸಿಯಾದದ್ದಕ್ಕೆ ತಾಗಿದರೆ ಯಂತ್ರ ದೊಡ್ಡ ಅಂಕಿಯನ್ನೇ ತೋರಿಸುತ್ತಿತ್ತು. ಹಾಗಿದ್ದರೆ ಸಮ್ರೀನಳ ಹಣೆಯಲ್ಲಿ ಯಾಕೆ ಅಷ್ಟು ಕಡಿಮೆ ತೋರಿಸಿತು? ಬೆಳಿಗ್ಗೆ ಸಮ್ರೀನ ಬಂದಾಗ ಅವಳ ಹಣೆ ಹೊಸ ಸ್ಟೀಲ್ ತಾಟಿನಂತೆ ಮಿಂಚುತ್ತಿತ್ತು. ರವಿವಾರವೆಂದು ಅವಳ ಅಮ್ಮ ತಲೆಗೆ ಎಣ್ಣೆ ತಟ್ಟಿದ್ದರು. ಅದು ಕೂದಲು ದಾಟಿ ಹುಬ್ಬಿನ ತನಕ ಇಳಿದಿತ್ತು.

ಆಮ್ರಪಾಲಿ ಕೊಬ್ಬರಿ ಎಣ್ಣೆಯ ಬಾಟಲಿ ತಂದಳು. ಚಳಿಗೆ ಎಣ್ಣೆ ಗಟ್ಟಿಯಾಗಿತ್ತು. ಕಡ್ಡಿಯಿಂದ ಕೆದಕಿ ತೆಗೆದು ಹಣೆಗೂ ಕಿವಿಗೂ ಬಳಿದುಕೊಂಡಳು. ಪಟ್ಟಿ ಕಟ್ಟಿ, ಮನಸ್ಸನ್ನೆಲ್ಲ ಒಟ್ಟುಗೂಡಿಸಿ ಹದಿನೇಳರ ಮಗ್ಗಿ ಹೇಳಿದಳು.

ಸೊನ್ನೆ ಪಾಯಿಂಟ್ ಐದು.

ಅವಳು ಬಹಳ ಹೊತ್ತು ಆ ಅಂಕಿಯನ್ನೇ ನೋಡುತ್ತ ಕುಳಿತಳು. ಎಣ್ಣೆ ಕರಗಿ ಮೂಗಿನ ಮೇಲೆ ಇಳಿಯಿತು.

ಸೋಮವಾರ ಶಾಲೆಯಲ್ಲಿ ಸಮ್ರೀನ ಬೇರೆ ಬೆಂಚಿನಲ್ಲಿ ಕುಳಿತಳು. ಸಂಜೆ ಆಮ್ರಪಾಲಿ ಆಟಿಕೆಯ ಚೀಲ ಮತ್ತು ಒಂದು ಸ್ಟೀಲ್ ಡಬ್ಬಿ ಹಿಡಿದು ಸ್ಟೇಷನ್ ರಸ್ತೆಯ ಅಂಗಡಿಗೆ ಹೋದಳು. ದಾದಾಸಾಬರು ಒಂದು ಮಿಕ್ಸರ್ ಬಿಚ್ಚುತ್ತಿದ್ದರು. ಒಳಗೆ ಸಮ್ರೀನ ತಲೆ ಎತ್ತದೆ ಸ್ಕ್ರೂಗಳನ್ನು ಬೇರೆ ಬೇರೆ ಮಾಡುತ್ತಿದ್ದಳು.

“ಡಬ್ಬ್ಯಾಗ ಏನೈತೆವಾ, ರೊಟ್ಟಿ?” ಎಂದು ದಾದಾಸಾಬರು ಕೇಳಿದರು.

“ಇಲ್ರಿ ಚಾಚಾ, ಬರೇ ಹಿಟ್ಟು.”

“ರಿಪೇರಿಗೇನು?”

“ರಿಪೇರಿ ನಂದು ಐತ್ರಿ,” ಎಂದಳು ಆಮ್ರಪಾಲಿ.

ಸಮ್ರೀನಳ ಬಾಯಿಯ ಒಂದು ಮೂಲೆ ಸ್ವಲ್ಪ ಅಲುಗಿತು. ಆದರೂ ಅವಳು ಮತ್ತೊಂದು ಸ್ಕ್ರೂ ಎತ್ತಿಕೊಂಡಳು.

ಆಮ್ರಪಾಲಿ ಹಿಟ್ಟಿನ ಮುದ್ದೆಗೆ ಪಟ್ಟಿ ಕಟ್ಟಿ ತೋರಿಸಿದಳು. ಆಮೇಲೆ ನೋಟ್‌ಬುಕ್ಕು ತೆರೆದು ಕೊಟ್ಟಳು. ರವಿವಾರ ರಾತ್ರಿ ಎಲ್ಲವನ್ನೂ ಹೊಸದಾಗಿ ಬರೆದಿದ್ದಳು. ಸಮ್ರೀನ ಜೋರಾಗಿ ಓದತೊಡಗಿದಳು.

“‘ಜೋಳದ ಹಿಟ್ಟು, ಮೂರು ಪಾಯಿಂಟ್ ನಾಕು. ಆಮ್ರಪಾಲಿ, ಮೂರು ಪಾಯಿಂಟ್ ಒಂದು. ಎಣ್ಣಿ ಹಚ್ಚಿದ ಆಮ್ರಪಾಲಿ, ಸೊನ್ನೆ ಪಾಯಿಂಟ್ ಐದು.’” ಅವಳು ನಿಲ್ಲಿಸಿದಳು. “ನನಗಿಂತ ಕಮ್ಮಿ?”

“ಹೂಂ.”

“ಎಣ್ಣಿ ಯಾಕ ಹಚ್ಗೊಂಡಿ?”

“ನಿನ್ನ ಅಂಕಿ ಯಾಕ ಹಂಗ ಬಂತಂತ ನೋಡಾಕ. ನಿನ್ನೆ ನಾ ಹಂಗ ಅನ್ನಬಾರದಿತ್ತು, ಸಮ್ರೀನ.” ಆಮ್ರಪಾಲಿ ಡಬ್ಬಿಯ ಮುಚ್ಚಳ ತಿರುವಿದಳು. “ಬುಧವಾರ ನೀ ಹೇಳು. ಎಲ್ಲಾ ನೀನ ಹೇಳು. ಪಟ್ಟಿ ನಾ ಕಟ್ಕೊಂಡು ಕುಂದರ್ತೀನಿ.”

“ಸುಮ್ಕ ಕುಂದರ್ತಿ? ನೀನು?”

“ಪ್ರಯತ್ನ ಮಾಡ್ತೀನಿ.”

“ಅಲುಗಾಡಬ್ಯಾಡ ಮತ್ತ,” ಎಂದಳು ಸಮ್ರೀನ, “ಮೆದುಳು ಅಲುಗಾಡ್ತೈತಿ.”

ಬುಧವಾರ ಮಧ್ಯಾಹ್ನ ಶಾಲೆಯ ಹಾಲ್ ತುಂಬಿತ್ತು. ಅವರ ಮೇಜಿನ ಹಿಂದೆ ‘ನಮ್ಮ ಯಂತ್ರಕ್ಕೆ ಏನು ಗೊತ್ತಿಲ್ಲ?’ ಎಂಬ ಚಾರ್ಟು ತೂಗುತ್ತಿತ್ತು. ಹಣೆಗೆ ಎಣ್ಣೆ ಬಳಿದುಕೊಂಡ ಆಮ್ರಪಾಲಿ ಪಟ್ಟಿ ಕಟ್ಟಿ ಕುಳಿತಿದ್ದಳು. ವಿಜ್ಞಾನದ ಬಸಲಿಂಗಯ್ಯ ಸರ್ ಬಂದು ಕೇಳಿದರು, “ಎಣ್ಣಿ ಹಚ್ಚಿದ್ರ ಯಾಕ ಕಮ್ಮಿ ಆಗ್ತೈತಿ, ಹೇಳ್ರಿ ನೋಡೋಣ.”

ಉತ್ತರ ಆಮ್ರಪಾಲಿಯ ನಾಲಿಗೆಯ ತುದಿಗೆ ಬಂತು. ಅವಳು ತುಟಿ ಬಿಗಿದುಕೊಂಡಳು.

ಸಮ್ರೀನ ಮೊದಲು ತಡವರಿಸಿದಳು. ಆಮೇಲೆ ಹೇಳತೊಡಗಿದಳು. “ನಮ್ಮಪ್ಪ ಮಿಕ್ಸರ್ ಸ್ವಿಚ್ ಬಿಚ್ಚಿದ ಕೂಡ್ಲೇ ಮೊದ್ಲು ಕರೆಂಟ್ ಕೂಡೋ ಪಾಯಿಂಟ್ ಒರಸ್ತಾನ್ರಿ ಸರ್. ನಡುವ ಜಿಡ್ಡು ಕುಂತಿತ್ತಂದ್ರ ಕರೆಂಟ್ ಹಾಯೂದಿಲ್ರಿ. ಮಿಕ್ಸರ್ ಕೆಟ್ಟೈತಿ ಅಂತ ಮಂದಿ ಬೈತಾರ. ಮಿಕ್ಸರ್ ಚಲೋನ ಇರ್ತೈತ್ರಿ.”

ಇದು ಆಮ್ರಪಾಲಿಗೆ ಗೊತ್ತಿರಲಿಲ್ಲ. ಅವಳ ನಾಲಿಗೆಯ ತುದಿಯಲ್ಲಿದ್ದ ಉತ್ತರದಲ್ಲಿ ಮಿಕ್ಸರ್ ಇರಲೇ ಇಲ್ಲ. ಎರಡು ವರ್ಷದಿಂದ ಇವಳ ಪಕ್ಕದಲ್ಲೇ ಕುಳಿತಿದ್ದೇನೆ, ಇನ್ನೂ ಏನೇನು ಕೇಳಿಸಿಕೊಂಡಿಲ್ಲವೋ ಎಂದುಕೊಂಡಳು. ಬಲ್ಬು ನೋಡುವುದನ್ನು ಮರೆತಳು. ಹಾಲ್‌ನ ಗದ್ದಲವೂ ಕೇಳಿಸಲಿಲ್ಲ. ಸಮ್ರೀನಳ ಒಂದೊಂದೇ ಮಾತು ಕಿವಿಗೆ ಬೀಳುತ್ತಿತ್ತು.

ಮೇಜಿನ ಅಂಚಿಗೆ ಗದ್ದ ಊರಿ ನಿಂತಿದ್ದ ಒಂದನೇ ತರಗತಿಯ ಹುಡುಗಿಯೊಬ್ಬಳು ಅವಳ ತೋಳು ಜಗ್ಗಿದಳು.

“ಅಕ್ಕಾ, ನಿಂದು ಎಷ್ಟು ಬಂದೈತಿ ನೋಡು!”

ಆಮ್ರಪಾಲಿ ಬಗ್ಗಿ ಮೀಟರ್ ನೋಡಿದಳು. ನಗು ತಡೆದುಕೊಂಡು, ನೋಟ್‌ಬುಕ್ಕಿನಲ್ಲಿ ತನ್ನ ಹೆಸರಿನ ಮುಂದೆ ಪೆನ್ನಿನಿಂದಲೇ ಬರೆದಳು: 0.9 ವೋಲ್ಟ್.